ನಾಲ್ಕನೆಯ ಡಬ್ಬಿ

ಟಿಕ್.

ಶನಿವಾರ ರಾತ್ರಿ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಿರೀಕ್ಷಾಳ ಫೋನು ಮಾಡಿದ ಸದ್ದು ಅಷ್ಟೇ. ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಗೆ ಬೆನ್ನು ಹಚ್ಚಿಕೊಂಡಿರುವ ಆ ಮನೆಯಲ್ಲಿ ಗೂಡ್ಸ್ ಗಾಡಿ ಹೋದರೂ ಯಾರಿಗೂ ಎಚ್ಚರವಾಗುವುದಿಲ್ಲ. ಅವಳಿಗೆ ಎಚ್ಚರವಾದದ್ದು ಆ ಟಿಕ್ಕಿಗೆ. ಅಮೀರ್‌ಪೇಟ್‌ನ ತರಬೇತಿ ಕೇಂದ್ರದ ಲ್ಯಾಬಿನ ಒಂದು ಫೈಲನ್ನು ಯಾರೋ ಬದಲಿಸಿದ್ದರು. ಹಾಗೆ ಬದಲಾದಾಗಲೆಲ್ಲ ಲ್ಯಾಬ್ ಮೇಡಂ ಆದ ಅವಳಿಗೆ ಒಂದು ಸಂದೇಶ ತಾನಾಗಿ ಬರುತ್ತದೆ.

ಭಾನುವಾರ ಬೆಳಿಗ್ಗೆ ಅವಳು ಅದನ್ನು ಡೈರೆಕ್ಟರಿಗೆ ಹೇಳಿದಳು. ಹೇಳಬೇಕಾದದ್ದನ್ನು ಹೇಳಿದ್ದೇನೆ ಎಂದುಕೊಂಡಿದ್ದಳು. ಸೋಮವಾರ ಮಧ್ಯಾಹ್ನ ಒಂದೂವರೆಗೆ, ಎದುರು ಕುಳಿತ ಹುಡುಗ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ನೋಡುವಾಗ ಆ ಸಮಾಧಾನ ಅರ್ಧ ಕರಗಿತ್ತು.

“ನಾನು ಆ ಫೈಲ್ ಮುಟ್ಟೇ ಇಲ್ಲ ಮೇಡಂ,” ಎಂದ ರವಿಕಿರಣ.

“ಪ್ರೋಗ್ರಾಂ ಬರೆದಾಂವ ನೀನು.”

“ಬರೆದಿದ್ದು ನಾನೇ. ಬದಲಾಯಿಸಿದ್ದು ನಾನಲ್ಲ.”

“ಬದಲಾದದ್ದು ನಿನ್ನ ಸೀಟಿಗೇ ಲಾಭ ಆಗೂಹಂಗ.”

“ಅದೇ ಮೇಡಂ ನನಗೂ ಅರ್ಥ ಆಗ್ತಿಲ್ಲ. ಕದಿಯೋನು ಕದ್ದ ಜಾಗದಲ್ಲಿ ತನ್ನ ಹೆಸರು ಬರೆದಿಟ್ಟು ಹೋಗ್ತಾನಾ?”

ಮಾತು ಚೆನ್ನಾಗಿತ್ತು. ಚೆನ್ನಾದ ಮಾತುಗಳನ್ನು ನಿರೀಕ್ಷಾ ಸುಲಭಕ್ಕೆ ನಂಬುವವಳಲ್ಲ. ಮನೆಯಿಂದಲೇ ಮಾತು ಸಿದ್ಧಮಾಡಿಕೊಂಡು ಬಂದವರೂ ಹೀಗೆಯೇ ಆಡುತ್ತಾರೆ.

ರವಿಕಿರಣನ ತಂದೆ ಮಂಡ್ಯದ ಕಡೆಯವರು. ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ನೌಕರಿ. ಹುಡುಗ ಶನಿವಾರ ಹಗಲು ಇನ್ನೂ ಮೂವತ್ತೇಳು ಜನರ ಜೊತೆ ಪರೀಕ್ಷೆ ಬರೆದಿದ್ದ. ಮೊದಲ ಆರು ಜನರನ್ನು ಮಂಗಳವಾರ ಒಂದು ಕಂಪನಿ ಸಂದರ್ಶನಕ್ಕೆ ಕರೆಯುತ್ತದೆ. ಭಾನುವಾರ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಅವನು ಐದನೆಯವನು. ನಿರೀಕ್ಷಾಳ ಮಾತು ಕೇಳಿ, ಹಚ್ಚಿದ ಎರಡೇ ಗಂಟೆಗೆ ಡೈರೆಕ್ಟರ್ ಆ ಪಟ್ಟಿ ಕಿತ್ತರು. ಇಂದು ಸಂಜೆ ಐದಕ್ಕೆ ಹೆಸರುಗಳು ಕಂಪನಿಗೆ ಹೋಗಬೇಕು. ಅಷ್ಟರೊಳಗೆ ಬೇರೆ ಕಳ್ಳ ಸಿಗದಿದ್ದರೆ ರವಿಕಿರಣನ ಹೆಸರಿಗೆ ಗೆರೆ ಬೀಳುತ್ತದೆ, ಅವನು ಮೋಸಗಾರನೆಂದು ಅಮೀರ್‌ಪೇಟ್‌ನ ಎಲ್ಲ ತರಬೇತಿ ಕೇಂದ್ರಗಳಿಗೂ ಪತ್ರ ಹೋಗುತ್ತದೆ.

ವಿದ್ಯಾರ್ಥಿಯೊಬ್ಬನ ಪ್ರೋಗ್ರಾಮಿನಿಂದ ಪರೀಕ್ಷೆಯ ಅಂಕ ಲೆಕ್ಕ ಹಾಕಿಸಿದವರು ಯಾರು ಎಂದು ಕೇಳುವಂತಿರಲಿಲ್ಲ. ಡೈರೆಕ್ಟರ್ ಬಿಟ್ಟಿ ಸಿಕ್ಕಿದ್ದನ್ನು ಬಿಡುವ ಮನುಷ್ಯನಲ್ಲ.

ಅವಳು ಬದಲಾದ ಸಾಲಿನ ಪ್ರಿಂಟನ್ನು ಮೇಜಿನ ಮೇಲೆ ಅವನ ಕಡೆ ಸರಿಸಿದಳು. “ಮುಟ್ಟಿಲ್ಲ ಅಂದಿ. ಈಗ ನೋಡು.”

ರವಿಕಿರಣ ಬಗ್ಗಿ ಓದಿದ. ಅವನ ಕಣ್ಣು ಸಾಲಿನ ಕೊನೆಯವರೆಗೂ ಹೋಗಲಿಲ್ಲ. ಮೊದಲ ಪದದ ಹತ್ತಿರವೇ ನಿಂತಿತು. ತುಟಿ ಸದ್ದಿಲ್ಲದೆ ಒಮ್ಮೆ ಆಡಿತು.

ಆಮೇಲೆ ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

“ಏನು ಕಂಡಿ?”

“ಏನಿಲ್ಲ ಮೇಡಂ.”

“ರವಿಕಿರಣ.”

“ಐದು ಗಂಟೆಗೆ ಸಾರ್ ಹತ್ರ ಬರ್ತೀನಿ,” ಎಂದವನೇ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ಒಂದು ನಿಮಿಷದ ಹಿಂದೆ ಅಷ್ಟು ವಾದ ಮಾಡಿದ ಹುಡುಗ.

ಮಾಡದ ತಪ್ಪನ್ನು ಹೊತ್ತವನು ವಾದ ನಿಲ್ಲಿಸುವುದಿಲ್ಲ. ನಿಲ್ಲಿಸಿದನೆಂದರೆ ಏನೋ ಇದೆ. ನಿರೀಕ್ಷಾ ಪ್ರಿಂಟನ್ನು ತನ್ನ ಕಡೆ ತಿರುಗಿಸಿಕೊಂಡಳು.

ತನ್ನ ಕನ್ನಡ ಹುಡುಗರಿಗೆ ಫಂಕ್ಷನಲ್ ಇಂಟರ್‌ಫೇಸ್ ಎಂದರೇನೆಂದು ಅವಳು ಕಲಿಸಿದ್ದು ಅಡುಗೆಮನೆಯ ಭಾಷೆಯಲ್ಲಿ. ಅದೊಂದು ಕರಾರು, ಕರಾರಿನಲ್ಲಿ ಒಂದೇ ಕೆಲಸ. ಇಂಥದ್ದು ಒಳಗೆ ಬರಬೇಕು, ಇಂಥದ್ದು ಹೊರಗೆ ಹೋಗಬೇಕು, ನಡುವೆ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಆ ಕೆಲಸವನ್ನು ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರಿನ ಚೀಟಿ ಅಂಟಿಸಿ, ಮ್ಯಾಪ್ ಎಂಬ ಕಪಾಟಿನಲ್ಲಿಡಿ. ಬೇಕಾದಾಗ ಹೆಸರು ಹಿಡಿದು ಕರೆಯಿರಿ.

ರವಿಕಿರಣ ಆ ಪಾಠವನ್ನು ಹಾಗೆಯೇ ಪ್ರೋಗ್ರಾಂ ಮಾಡಿದ್ದ. ಮೂವತ್ತೆಂಟು ವಿದ್ಯಾರ್ಥಿಗಳ ಒಂದು ಪಟ್ಟಿ. ಕಪಾಟಿನಲ್ಲಿ ಮೂರು ಡಬ್ಬಿ. ಇಂಗ್ಲಿಷ್ ಅಕ್ಷರಗಳಲ್ಲಿ ಅವುಗಳ ಕನ್ನಡ ಹೆಸರು: ಕೂಡು, ಕಳೆ, ಭಾಗಿಸು. ಒಬ್ಬೊಬ್ಬ ವಿದ್ಯಾರ್ಥಿಯೂ ಸಾಲಾಗಿ ಮೂರೂ ಡಬ್ಬಿ ದಾಟಬೇಕು. ಮೊದಲನೆಯದು ಸರಿಯುತ್ತರಕ್ಕೆ ನಾಲ್ಕರಂತೆ ಅಂಕ ಕೂಡುತ್ತದೆ. ಎರಡನೆಯದು ತಪ್ಪಿಗೆ ಒಂದರಂತೆ ಕಳೆಯುತ್ತದೆ. ಮೂರನೆಯದು ಶೇಕಡ ತೆಗೆಯುತ್ತದೆ.

ಶನಿವಾರ ರಾತ್ರಿ ಸೇರಿದ ಸಾಲು ಆ ಎರಡನೆಯ ಡಬ್ಬಿಗಾಗಿ ಬರೆದದ್ದು. ಅದು ಹೇಳುತ್ತಿದ್ದುದು ಇಷ್ಟೇ: ಸೀಟು ಹದಿನೇಳಾದರೆ ಅಂಕ ಇದ್ದಷ್ಟೇ ಇರಲಿ, ಉಳಿದವರಿಗೆ ತಪ್ಪಿನಷ್ಟು ಕಡಿಮೆಯಾಗಲಿ.

ಹದಿನೇಳು ರವಿಕಿರಣನ ಸೀಟು. ಡೈರೆಕ್ಟರ್ ಅಷ್ಟು ಓದಿ ಸಿಟ್ಟಾಗಿದ್ದರು. ಸಿಟ್ಟಾದವರು ಲೆಕ್ಕ ಮಾಡುವುದಿಲ್ಲ.

ನಿರೀಕ್ಷಾ ಪೆನ್ಸಿಲ್ ತೆಗೆದುಕೊಂಡಳು. ಜಾವಾ ಕಲಿಸುವ ಕಟ್ಟಡದಲ್ಲಿ ಪೆನ್ಸಿಲ್ ಹಿಡಿದು ಕಳೆಯುವ ಲೆಕ್ಕ ಮಾಡಲು ಅವಳಿಗೇ ನಾಚಿಕೆಯಾಯಿತು. ಸೀಟು ಹದಿನೇಳು: ಸರಿಯುತ್ತರ ಇಪ್ಪತ್ತಾರು, ನಾಲ್ಕರಂತೆ ನೂರನಾಲ್ಕು. ತಪ್ಪು ನಾಲ್ಕು. ಕಳೆದರೆ ನೂರು.

ಗೋಡೆಯಿಂದ ಕಿತ್ತ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇದ್ದ ಅಂಕವೂ ನೂರು.

ಇನ್ನೊಮ್ಮೆ ಮಾಡಿದಳು. ನೂರೇ. ಹೊಸ ಸಾಲು ಕೆಲಸ ಮಾಡಿದ್ದರೆ ಅಲ್ಲಿ ನೂರನಾಲ್ಕು ಇರಬೇಕಿತ್ತು.

ಕಳ್ಳ ಒಳಗೆ ಬಂದಿದ್ದ, ಕೈ ಹಾಕಿದ್ದ, ಆದರೆ ಏನೂ ಕದಿಯಲಾಗಿರಲಿಲ್ಲ. ಯಾಕೆ?

ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಕಪಾಟಿನಲ್ಲಿ ಎಷ್ಟು ಡಬ್ಬಿ ಇವೆಯೆಂದು ಕೊನೆಗೆ ಅಚ್ಚು ಹಾಕುವುದು ರವಿಕಿರಣನ ಅಭ್ಯಾಸ. ಡಬ್ಬಿಗಳು: ನಾಲ್ಕು.

ಮೂರು ಇರಬೇಕಾದಲ್ಲಿ ನಾಲ್ಕು.

ಅದೇ ಹೆಸರಿನ ಚೀಟಿ ಅಂಟಿಸಿ ಹೊಸ ಡಬ್ಬಿ ಇಟ್ಟರೆ ಕಪಾಟು ಹಳೆಯದನ್ನು ಹೊರಗೆಸೆದು ಹೊಸದನ್ನು ಇಟ್ಟುಕೊಳ್ಳುತ್ತದೆ. ಹೆಸರಿನಲ್ಲಿ ಒಂದೇ ಅಕ್ಷರ ಬೇರೆಯಾದರೂ ಅದಕ್ಕೆ ಅದು ಬೇರೆಯೇ ಡಬ್ಬಿ. ಹಳೆಯದು ಇದ್ದಲ್ಲೇ ಇರುತ್ತದೆ, ಪ್ರೋಗ್ರಾಂ ಕರೆಯುವುದೂ ಅದನ್ನೇ. ಅವಳು ಚೀಟಿಗಳನ್ನು ಬೆರಳಿಟ್ಟು ಓದಿದಳು. ರವಿಕಿರಣನದು: ಕೆ, ಎ, ಎಲ್, ಇ. ರಾತ್ರಿ ಬಂದವರದು: ಕೆ, ಎ, ಎಲ್, ಐ.

ಒಂದು ಕಳೆ. ಇನ್ನೊಂದು ಕಳಿ.

ಡೈರೆಕ್ಟರ್ ತೆಲುಗರು, ಅವರ ಕಣ್ಣಿಗೆ ಎರಡೂ ಅರ್ಥವಿಲ್ಲದ ನಾಲ್ಕಕ್ಷರ. ಹಿಂದಿಯವರು ಓದಿದ್ದರೆ ಹೂವಿನ ಮೊಗ್ಗು ಎಂದುಕೊಳ್ಳುತ್ತಿದ್ದರು. ಮಂಡ್ಯದವರ ಮನೆಯಲ್ಲಿ ಹುಟ್ಟಿದ ಹುಡುಗ ನಿದ್ದೆಗಣ್ಣಿನಲ್ಲಿ ಬರೆದರೂ ಕಳೆ ಎಂದೇ ಬರೆಯುತ್ತಾನೆ. ಕಲಬುರ್ಗಿ, ಬೀದರಿನವರ ಬಾಯಲ್ಲಿ ಮನೆ ಮನಿಯಾಗುತ್ತದೆ, ಕಳೆ ಕಳಿಯಾಗುತ್ತದೆ. ಅವಳಿಗೂ, ಇದೇ ಬ್ಯಾಚಿನಲ್ಲಿರುವ ತಂಗಿ ರಶ್ಮಿಗೂ ಅವ್ವ ಸುಂದರಾಬಾಯಿ ಹುಣಸೆಬೀಜ ಸುರಿದು ಲೆಕ್ಕ ಕಲಿಸಿದ್ದು ಹಾಗೆಯೇ. “ಹತ್ತರಾಗ ಮೂರು ಕಳಿ. ಎಷ್ಟುಳದ್ವು?”

ಆ ದನಿ ನೆನಪಾದದ್ದೇ ನಿರೀಕ್ಷಾ ಅದನ್ನು ಪಕ್ಕಕ್ಕೆ ಸರಿಸಿದಳು. ಈ ಕಟ್ಟಡದಲ್ಲಿ ಕಳಿ ಎನ್ನುವವರು ಇನ್ನೊಬ್ಬರಿದ್ದಾರೆ. ಹೊರಗಿನಿಂದ ಲ್ಯಾಬಿನ ಫೈಲು ತೆರೆಯಬೇಕಾದರೆ ಬೇಕಾಗುವ ಆರಂಕಿಯ ಕೋಡು ಬರುವುದೂ ಅವರ ಫೋನಿಗೇ.

ಕಲಿತ ಹುಡುಗರ ನೌಕರಿ ವ್ಯವಹಾರ ನೋಡಿಕೊಳ್ಳುವ ಗುರುಶಾಂತ ತನ್ನ ಕೋಣೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ. ಹುಮನಾಬಾದಿನವನು. ಹನ್ನೆರಡು ವರ್ಷದಿಂದ ಇದೇ ಕುರ್ಚಿ.

“ಬರ್ರಿ ಮೇಡಂ. ಶೇಂಗಾ ತಗೋರಿ, ಊರಿಂದ ಬಂದಾವ.”

ಅವಳು ಬಾಗಿಲು ಹಾಕಿ ಕುಳಿತಳು. “ಗುರುಶಾಂತ ಅಣ್ಣಾರ, ಮೈನಸ್‌ಗೆ ನಿಮ್ಮ ಮನ್ಯಾಗ ಏನಂತೀರಿ?”

“ಕಳಿ ಅಂತೀವಿ. ಯಾಕ್ರಿ, ಈ ವಯಸ್ಸಿನ್ಯಾಗ ನನಗೂ ಅಡ್ಮಿಷನ್ ಕೊಡಾಕತ್ತೀರೇನು?”

“ಇಂಗ್ಲಿಷ್ ಅಕ್ಷರದಾಗ ಬರದು ತೋರಸ್ರಿ.”

ಗುರುಶಾಂತ ಅವಳನ್ನೊಮ್ಮೆ ನೋಡಿ, ಶೇಂಗಾ ಕಟ್ಟಿದ್ದ ಕಾಗದದ ಅಂಚಿನಲ್ಲಿ ಬರೆದ. ಕೊನೆಯ ಅಕ್ಷರ ಐ. ಅವಳು ಪ್ರಿಂಟನ್ನು ಅದರ ಪಕ್ಕದಲ್ಲಿಟ್ಟಳು.

“ಶನಿವಾರ ರಾತ್ರಿ ಕೋಡ್ ಬಂದದ್ದು ನಿಮ್ಮ ಫೋನಿಗೆ. ಈ ಸಾಲು ನೀವು ಬರದೀರಿ, ಇಲ್ಲಾ ಬರಸೀರಿ.”

ಅವನು ನಗಲಿಲ್ಲ. ಕೈಯ ಸಿಪ್ಪೆ ಝಾಡಿಸಿಕೊಂಡು, ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ಗದ್ದ ತೋರಿಸಿದ. “ಮೇಡಂ, ಅದರಾಗ ಹುಡುಗರ ಫೋಟೋ ಹಚ್ಚಾಕ ನಾ ದಿನಾ ಯಾರದರ ಕಾಲು ಹಿಡೀತೀನಿ. ಜಾವಾ ಎಲ್ಲಿಂದ ಬರೀಲಿ?”

“ಕೋಡ್ ಯಾರಿಗೆ ಕೊಟ್ರಿ?”

“ನಿಮಗ.”

“ನನಗ?”

“ನಿಮ್ಮ ಹೆಸರ್ಲೆ ಕೇಳಿದ್ರ ನಿಮಗ ಕೊಟ್ಟಂಗ ಅಲ್ಲೇನು?”

ಅವನು ಫೋನು ತೆರೆದು ಅವಳ ಕಡೆ ತಿರುಗಿಸಿದ. ಶನಿವಾರ, ರಾತ್ರಿ ಹನ್ನೊಂದು ಮೂವತ್ತೊಂದು. ಕರೆ ಬಂದ ಹೆಸರು: ನಿರೀಕ್ಷಾ ಮೇಡಂ ತಂಗಿ.

“ ‘ಅಕ್ಕಗ ಅರ್ಜೆಂಟ್ ಬೇಕಾಗೈತ್ರಿ ಅಂಕಲ್’ ಅಂದ್ಲು. ನಿದ್ದಿ ಹತ್ತಿತ್ತು, ಓದಿ ಹೇಳಿ ಮಲ್ಕೊಂಡೆ.”

ಆ ರಾತ್ರಿ ರಶ್ಮಿ ಮನೆಯಲ್ಲಿರಲಿಲ್ಲ. ಪರೀಕ್ಷೆಯ ವಾರ, ಓಡಾಟ ಬೇಡವೆಂದು ಇಲ್ಲೇ ಎರಡು ಬೀದಿಯಾಚೆ ಗೆಳತಿಯ ಹಾಸ್ಟೆಲಿನಲ್ಲಿದ್ದಳು. ಈಗಲೂ ಅಲ್ಲೇ ಇದ್ದಾಳೆ.

ನಿರೀಕ್ಷಾ ಕೇಳಬೇಕಾದದ್ದು ಬೇರೆ ಏನೋ ಇತ್ತು. ಬಾಯಿಗೆ ಬಂದದ್ದು ಇದು: “ನಿನ್ನೇನs ಯಾಕ ಹೇಳಲಿಲ್ರಿ?”

“ನೀವು ಕೇಳಿದ್ರೇನು? ನೆಟ್ಟಗ ಡೈರೆಕ್ಟರ್ ಕಡೆ ಹೋದ್ರಿ. ನಾ ಅಂದೆ, ಅಕ್ಕ ತಂಗಿ ಕೂಡಿ ಏನೋ ಹೂಡ್ಯಾರ, ನಡುವ ನಾ ಯಾಕ ಬಾಯಿ ಹಾಕ್ಲಿ.”

“ನನ್ನ ಮ್ಯಾಲೆ ಸಂಶಯ ಪಟ್ರೇನು?”

“ನೀವು ಈಗ ನನ್ನ ಮ್ಯಾಲೆ ಪಟ್ಟಷ್ಟು.” ಅವನು ಇನ್ನೊಂದು ಶೇಂಗಾ ಒಡೆದ. “ಮೊದಲಿನ ಆರು ಹೆಸರು ಗ್ವಾಡಿ ಮ್ಯಾಲೆ ನೋಡೀರಿ. ಏಳನೇದು ನೋಡೀರೇನು?”

ನೋಡಿರಲಿಲ್ಲ. ಗೋಡೆಗೆ ಹಚ್ಚಿದ್ದು ಆರು ಹೆಸರು ಮಾತ್ರ. ಯಾರಾದರೂ ಬಿಟ್ಟುಹೋದರೆ ಎಂದು ಕಾಯುವವರ ಪಟ್ಟಿ ಗುರುಶಾಂತನ ಡ್ರಾಯರಿನಲ್ಲಿರುತ್ತದೆ. ಅವನು ಡ್ರಾಯರು ಎಳೆದು ಒಂದು ಹಾಳೆ ತೆಗೆದು, ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

ಏಳು. ರಶ್ಮಿ. ತೊಂಬತ್ತೆಂಟು ಅಂಕ.

ಹೊರಗೆ ವರಾಂಡದಲ್ಲಿ ಹುಡುಗರು ಯಾವುದೋ ಕ್ಲಾಸು ಮುಗಿಸಿ ಗದ್ದಲ ಮಾಡುತ್ತ ಹೋದರು. ಆ ಗದ್ದಲ ಮೆಟ್ಟಿಲಿಳಿಯುವವರೆಗೂ ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ.

“ಆ ಹುಡುಗನ್ನ ಏರಸಾಕ ಬರದಾಳೋ, ಇಳಸಾಕ ಬರದಾಳೋ, ಅದು ನಿಮ್ಮ ಮನಿ ಮಾತು,” ಎಂದ ಗುರುಶಾಂತ. “ಇಬ್ಬರೂ ಹಗಲೆಲ್ಲಾ ಒಂದs ಬೆಂಚಿನ್ಯಾಗ ಕುಂತಿರ್ತಾರ. ಅದನ್ನ ನೀವು ನೋಡಿಲ್ಲ ಅಂದ್ರ ನಾ ನಂಬಂಗಿಲ್ಲ.”

ನೋಡಿದ್ದಳು. ಒಂದು ಟಿಫಿನ್ ಡಬ್ಬಿಯಲ್ಲಿ ಎರಡು ಚಮಚ ಇದ್ದದ್ದನ್ನೂ ನೋಡಿದ್ದಳು. ಮೂರು ವಾರದ ಹಿಂದೆ ಆ ಬೆಂಚಿನಲ್ಲಿ ಇಬ್ಬರ ನಡುವೆ ಒಂದು ಬ್ಯಾಗು ಬಂದು ಕುಳಿತದ್ದನ್ನೂ ನೋಡಿದ್ದಳು. ಕೇಳಿರಲಿಲ್ಲ.

“ಕೋಡ್ ಕೊಟ್ಟಿದ್ದು ನನ್ನ ತಪ್ಪು,” ಎಂದು ಅವನೇ ಮುಂದುವರಿಸಿದ. “ನೀವು ಬಾಯಿ ತಗದ್ರ ನನ್ನ ಕುರ್ಚಿನೂ ಹೋಗತೈತಿ. ಹಂಗಂತ ಸುಮ್ಮನಿರ್ರಿ ಅಂತ ನಾ ಕೈ ಮುಗಿಯಂಗಿಲ್ಲ. ತಪ್ಪಿಲ್ಲದ ಹುಡುಗ ಅಂವ. ಐದಕ್ಕ ಇನ್ನೂ ಒಂದು ತಾಸು ಐತಿ.”

ಅವಳು ಎದ್ದಳು.

“ಶೇಂಗಾ ಒಯ್ಯೂದಿಲ್ಲೇನು?” ಎಂದು ಅವನು ಹಿಂದಿನಿಂದ ಕೇಳಿದ. ಅದರಲ್ಲಿ ಕುಹಕವಿತ್ತೋ ಕರುಣೆಯಿತ್ತೋ ತಿಳಿಯಲಿಲ್ಲ.

ರಶ್ಮಿಗೆ ಮೂರು ಸಲ ಫೋನು ಮಾಡಿದಳು. ಮೂರು ಸಲವೂ ಪೂರ್ತಿ ರಿಂಗಾಗಿ ನಿಂತಿತು.

ಡೈರೆಕ್ಟರ್ ಕೋಣೆಗೆ ಅವಳು ಐದಕ್ಕೆ ಹತ್ತು ನಿಮಿಷವಿರುವಾಗ ಹೋದಳು. ರವಿಕಿರಣ ಆಗಲೇ ಅಲ್ಲಿದ್ದ, ನಿಂತೇ ಇದ್ದ. ವಿಚಾರಣೆ ಮುಗಿಯುವವರೆಗೆ ಯಾರಿಗೂ ಕರೆ ಮಾಡಬಾರದೆಂದು ಅವನ ಫೋನನ್ನು ಡೈರೆಕ್ಟರ್ ಅರ್ಧ ಗಂಟೆಯ ಹಿಂದೆಯೇ ಇಸಿದುಕೊಂಡು ತಮ್ಮ ಮೇಜಿನ ಮೇಲೆ ಬೋರಲಾಗಿಟ್ಟಿದ್ದರು.

ಮೆಟ್ಟಿಲೇರುವಾಗ ಅವಳು ಮಾತು ಜೋಡಿಸಿಕೊಂಡಿದ್ದಳು. ಮೊದಲು ಅಂಕ. ಅಂಕ ಸರಿಯಿದೆ, ಹುಡುಗನ ಸ್ಥಾನ ಅವನದೇ. ಆಮೇಲೆ ಡೈರೆಕ್ಟರ್ ಹಾಗಾದರೆ ಯಾರು ಎನ್ನುತ್ತಾರೆ. ಅದರ ಮುಂದಿನ ಸಾಲು ಪ್ರತಿ ಮೆಟ್ಟಿಲಿಗೂ ಬದಲಾಗುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿ ಅದು ನಿಂತದ್ದು ಹೀಗೆ: ನನ್ನ ತಂಗಿ.

ಅವಳು ತೆಲುಗಿನಲ್ಲಿ, ನಿಧಾನವಾಗಿ, ಪೆನ್ಸಿಲಿನ ಲೆಕ್ಕ ತೋರಿಸಿದಳು. ಇಪ್ಪತ್ತಾರು, ನೂರನಾಲ್ಕು, ನೂರು. ಡೈರೆಕ್ಟರ್ ಕ್ಯಾಲ್ಕ್ಯುಲೇಟರ್ ಒತ್ತಿ ತಾವೂ ನೋಡಿದರು. ನಾಲ್ಕನೆಯ ಡಬ್ಬಿಯನ್ನು ಯಾರೂ ಕರೆದೇ ಇಲ್ಲ ಸಾರ್, ಅದರ ಹೆಸರು ತಪ್ಪಿದೆ, ಎಂದಳು.

“ಡಬ್ಬಿ ತಪ್ಪಿತು ಮೇಡಂ, ಸರಿ,” ಎಂದರು ಡೈರೆಕ್ಟರ್. “ಕಳ್ಳನ ಕೈ ತಪ್ಪಲಿಲ್ಲವಲ್ಲ. ಬರೆದವರು ಯಾರು?”

ಅವಳು ಬಾಯಿ ತೆರೆದಳು.

“ನೇನೇ ಸಾರ್,” ಎಂದ ರವಿಕಿರಣ. “ನೇನೇ ರಾಸಾನು.”

ನಾನೇ. ನಾನೇ ಬರೆದೆ.

ಡೈರೆಕ್ಟರ್ ಕ್ಯಾಲ್ಕ್ಯುಲೇಟರ್ ಕೆಳಗಿಟ್ಟರು. ರವಿಕಿರಣ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ, ಬಾಯಿಪಾಠ ಒಪ್ಪಿಸುವವನಂತೆ ತೆಲುಗಿನಲ್ಲೇ ಹೇಳಿದ: ಆತುರದಲ್ಲಿದ್ದೆ, ಒಂದು ಅಕ್ಷರ ತಪ್ಪಾಯಿತು, ಯಾರೂ ಜೊತೆಗಿರಲಿಲ್ಲ.

“ರವಿಕಿರಣ,” ಎಂದಳು ನಿರೀಕ್ಷಾ ಕನ್ನಡದಲ್ಲಿ. “ನೀ ಬರದಿಲ್ಲ.”

“ಬರೆದಿದ್ದೀನಿ ಮೇಡಂ.” ಈಗ ಅವನು ಅವಳನ್ನು ನೋಡಿದ. ಮಧ್ಯಾಹ್ನದ ಬೆವರು, ಹೆದರಿಕೆ ಏನೂ ಇರಲಿಲ್ಲ. “ಅಕ್ಷರ ನಂದೇ.”

ಡೈರೆಕ್ಟರ್ ಬಿಳಿ ಹಾಳೆ ಮುಂದೆ ತಳ್ಳಿದರು. ಅವನು ಬಗ್ಗಿ ಐದಾರು ಸಾಲು ಬರೆದು ಸಹಿ ಹಾಕಿದ. ಪೆನ್ನು ಒಮ್ಮೆಯೂ ನಿಲ್ಲಲಿಲ್ಲ. ಯಾರೂ ತಡೆಯದಂತೆ ಅಷ್ಟು ಬೇಗ ಬರೆದನೆನಿಸಿತು. ಅವಳು ತಡೆಯಬಹುದಿತ್ತು. ಬೆರಳಿಟ್ಟು ಒಂದು ಅಕ್ಷರ ತೋರಿಸಿದ್ದರೆ ಸಾಕಿತ್ತು. ಅವಳ ಬೆರಳು ಚೀಲದ ಹಿಡಿಕೆಯ ಮೇಲಿತ್ತು.

ಡೈರೆಕ್ಟರ್ ಐದನೆಯ ಹೆಸರಿಗೆ ಗೆರೆ ಎಳೆದರು. ಗುರುಶಾಂತನ ಕೋಣೆಯಿಂದ ತರಿಸಿದ್ದ ಹಾಳೆ ನೋಡಿ, ಹುಬ್ಬೇರಿಸಿದರು.

“ಮೀ ಚೆಲ್ಲೆಲು ಕದಾ ಮೇಡಂ? ನಿಮ್ಮ ತಂಗಿಯಲ್ಲವೇ ಏಳನೆಯವಳು? ನಾಳೆ ಒಂಬತ್ತಕ್ಕೆ ಇಲ್ಲಿರಲಿ ಅನ್ನಿ.”

“ಸರಿ ಸಾರ್,” ಎಂದಿತು ಅವಳದೇ ದನಿ.

ಅವಳು ಹೊರಬಂದು ಎರಡು ಮೆಟ್ಟಿಲು ಇಳಿದಿರಲಿಲ್ಲ, ಚೀಲದೊಳಗೆ ಫೋನು ಅದುರಿತು. ರಶ್ಮಿ.

“ಅಕ್ಕಾ, ಮೂರು ಸಲ ಮಾಡಿದ್ದ್ಯೇನು? ಮಲಗಿದ್ದೆ.”

ಮಲಗಿ ಎದ್ದ ದನಿ ಹಾಗಿರುವುದಿಲ್ಲ. ಇಪ್ಪತ್ತೆರಡು ವರ್ಷ ಪಕ್ಕದ ಹಾಸಿಗೆಯಲ್ಲಿ ಮಲಗಿ ಎದ್ದವಳ ದನಿ ನಿರೀಕ್ಷಾಳಿಗೆ ಗೊತ್ತು.

“ಹ್ಞೂಂ,” ಎಂದಳು.

ಆ ಕಡೆಯಿಂದ, ಸಣ್ಣಗೆ:

“ಬರದು ಕೊಟ್ಟನೇನಕ್ಕಾ ಅಂವ?”

ನಿರೀಕ್ಷಾ ಮೆಟ್ಟಿಲಿನ ಕಂಬಿ ಹಿಡಿದು ನಿಂತಳು. ಆ ಹಾಳೆಯ ಮೇಲಿನ ಶಾಯಿ ಇನ್ನೂ ಒಣಗಿರಲಿಕ್ಕಿಲ್ಲ. ಹುಡುಗ ಇನ್ನೂ ಕೋಣೆಯೊಳಗಿದ್ದ. ಅವನ ಫೋನು ಡೈರೆಕ್ಟರ ಮೇಜಿನ ಮೇಲಿತ್ತು. ಅವನು ಬರೆದುಕೊಡುತ್ತಾನೆಂದು ಐದು ನಿಮಿಷದ ಹಿಂದೆ ಅವಳಿಗೇ ಗೊತ್ತಿರಲಿಲ್ಲ.

ರಶ್ಮಿಗೆ ಗೊತ್ತಿತ್ತು.

ಅವನೇ ಮಾತು ಕೊಟ್ಟಿದ್ದನೇ? ಇವಳು ಕೇಳಿ ಪಡೆದಿದ್ದಳೇ? ಯಾವುದರ ಬದಲಿಗೆ?

“ಏನಂದಿ?” ಎಂದಳು ನಿರೀಕ್ಷಾ. “ಬಸ್ಸಿನ ಸದ್ದು. ಕೇಳಸಲಿಲ್ಲ.”

“ಏನಿಲ್ಲ ಬಿಡು.” ಉಸಿರು ಬಿಟ್ಟದ್ದು ಕೇಳಿಸಿತು. “ಇವತ್ತ ಮನಿಗಿ ಬರ್ತೀನಿ. ಅವ್ವಗ ಹೇಳು.”

“ಹೇಳ್ತೀನಿ.”

ಮೇಲಿನ ಬಾಗಿಲು ತೆರೆದು ರವಿಕಿರಣ ಇಳಿದು ಬಂದ. ಅವಳು ಗೋಡೆಯ ಕಡೆ ಸರಿದು ದಾರಿ ಬಿಟ್ಟಳು. ಅವನು ತಲೆ ಬಗ್ಗಿಸಿ, ಒಂದೊಂದೇ ಮೆಟ್ಟಿಲಿಳಿದು ತಿರುವಿನಲ್ಲಿ ಮರೆಯಾದ. ಈಗಲಾದರೂ ಕೂಗಬಹುದಿತ್ತು.

ಅವ್ವನಿಗೆ ಹೇಳುವುದು ಇಷ್ಟೇ: ರಾತ್ರಿ ಊಟಕ್ಕೆ ಇನ್ನೊಬ್ಬಳಿದ್ದಾಳೆ. ಉಳಿದದ್ದನ್ನು ಅವ್ವನಿಗಾಗಲಿ, ಡೈರೆಕ್ಟರಿಗಾಗಲಿ, ಆ ಪ್ರಶ್ನೆ ತನಗೆ ಸರಿಯಾಗಿಯೇ ಕೇಳಿಸಿತೆಂದು ರಶ್ಮಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ನಿರೀಕ್ಷಾ ಆ ಮೆಟ್ಟಿಲ ಮೇಲೆ ನಿಂತೇ ತೀರ್ಮಾನಿಸಿದಳು.